ಮಾಗಿಯ ಓಟಕ್ಕೆ ಮಧ್ಯಾಹ್ನವೇ ಮೇಲು

ದೆಹಲಿಯ ಮ್ಯಾರಥಾನ್ ನಡೆಯುವುದು ಫೆಬ್ರುವರಿಯ ಉತ್ತರಾರ್ಧದಲ್ಲಿ. 42.195 ಕಿಲೋಮೀಟರಿಗೆ ದೇಹವನ್ನು ಅಣಿಗೊಳಿಸಲು ಸಾಮಾನ್ಯ ಓಟಗಾರನಿಗೆ ಹದಿನಾರರಿಂದ ಹದಿನೆಂಟು ವಾರ ಬೇಕು. ಕ್ಯಾಲೆಂಡರ್ ಹಿಡಿದು ಹಿಂದಕ್ಕೆ ಎಣಿಸಿದರೆ ತರಬೇತಿಯ ಆರಂಭ ದೀಪಾವಳಿಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಪಂಜಾಬು, ಹರಿಯಾಣಗಳ ಗದ್ದೆಗಳಲ್ಲಿ ಭತ್ತದ ಕೂಳೆ ಉರಿಯುವ, ಪಟಾಕಿಯ ಹೊಗೆ ಇನ್ನೂ ಆರದ, ಗಾಳಿ ಬೀಸುವುದನ್ನೇ ಮರೆತ ವಾರಗಳವು. ಅಲ್ಲಿಂದ ಮುಂದೆ ಡಿಸೆಂಬರ್, ಜನವರಿಗಳ ಭಾನುವಾರಗಳಲ್ಲಿ 18, 22, 26, 30, 32 ಕಿಲೋಮೀಟರುಗಳ ದೀರ್ಘ ಓಟಗಳು ಸಾಲಾಗಿ ಬರುತ್ತವೆ. ಸ್ಪರ್ಧೆಯ ದಿನ ಆಕಾಶ ತಕ್ಕಮಟ್ಟಿಗೆ ತಿಳಿಯಾಗಿರುತ್ತದೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಯಿತು ಎಂದು ನಮ್ಮ ಊರುಗಳಲ್ಲಿ ಹೇಳುವ ಹೊತ್ತು ಅದು. ಆದರೆ ಆ ಒಂದು ಬೆಳಗಿಗಾಗಿ ತೆರಬೇಕಾದ ಬೆಲೆಯನ್ನು ಅದರ ಹಿಂದಿನ ಮೂರು ತಿಂಗಳಲ್ಲಿ, ಉಸಿರು ಉಸಿರಾಗಿ ತೆರುತ್ತೇವೆ.

ನಾವು ದಕ್ಷಿಣ ದೆಹಲಿಯಲ್ಲಿ ಒಟ್ಟಿಗೆ ಓಡುವ ಏಳೆಂಟು ಮಂದಿ ಕನ್ನಡಿಗರು. ಸರ್ಕಾರಿ ನೌಕರರು, ಇಬ್ಬರು ಅಧ್ಯಾಪಕರು, ಒಬ್ಬ ದಂತವೈದ್ಯೆ, ನಿವೃತ್ತರೊಬ್ಬರು. ನಮ್ಮಲ್ಲಿ ವೇಗಿಗಳು ಯಾರೂ ಇಲ್ಲ. ನಾಲ್ಕೂವರೆಯಿಂದ ಐದೂವರೆ ಗಂಟೆಗಳಲ್ಲಿ ಮ್ಯಾರಥಾನನ್ನು ಮುಗಿಸಿ, ಮರುದಿನ ಮೆಟ್ಟಿಲಿಳಿಯಲು ಕಟಕಟೆ ಹಿಡಿಯುವ ಜಾತಿ ನಮ್ಮದು. ನಾವು ಇಲ್ಲಿ ಮಂಡಿಸಬಯಸುವ ಅಭಿಪ್ರಾಯ ಇಷ್ಟು: ದೆಹಲಿಯ ಮಾಗಿಯಲ್ಲಿ ದೀರ್ಘ ಓಟವನ್ನು ನಸುಕಿನಿಂದ ಮಧ್ಯಾಹ್ನಕ್ಕೆ ಸರಿಸಬೇಕು, ಮಧ್ಯಾಹ್ನಕ್ಕೂ ಗಾಳಿ ತಿಳಿಯಾಗದ ಭಾನುವಾರಗಳಲ್ಲಿ ಹೊರಗೆ ಓಡಲೇಬಾರದು. ಓಟದ ಬಳಗಗಳಲ್ಲಿ ಇದು ಅಪ್ರಿಯವಾದ ಮಾತು. ಅಲ್ಲಿ ನಾಲ್ಕು ಗಂಟೆಗೆ ಏಳುವವನು ಸಾಧಕ, ಎಂಟಕ್ಕೆ ಏಳುವವನು ಸೋಮಾರಿ.

ಮೊದಲು ಚಳಿಯ ಪರವಾಗಿ ನಾಲ್ಕು ಮಾತು ಹೇಳಬೇಕು, ಏಕೆಂದರೆ ಅದಕ್ಕೆ ಸಲ್ಲದ ಅಪವಾದ ಹೊತ್ತು ತಿರುಗುವುದು ಅದರ ಪಾಡಾಗಿದೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯಲ್ಲಿ. ದೆಹಲಿಯ ಜನವರಿಗೆ ಅದು ಯಾರೂ ಗಮನಿಸದ ಸಾಧಾರಣ ಬೆಳಗು. ಸಫ್ದರ್‌ಜಂಗ್ ವೀಕ್ಷಣಾಲಯದ ಪಾದರಸ ನಾಲ್ಕಕ್ಕೋ ಅದಕ್ಕೂ ಕೆಳಗೋ ಇಳಿದಾಗ ಮಾತ್ರ ಹವಾಮಾನ ಇಲಾಖೆ ‘ಶೀತಗಾಳಿ’ ಎಂಬ ಮಾತನ್ನು ಹೊರತೆಗೆಯುತ್ತದೆ. ಮಲೆನಾಡಿನಿಂದಲೋ ಬಯಲುಸೀಮೆಯಿಂದಲೋ ಬಂದ ನಮಗೆ ಇಲ್ಲಿನ ಮೊದಲ ಡಿಸೆಂಬರ್ ಎಂದರೆ ರಜಾಯಿಯೊಳಗಿನ ಸೆರೆವಾಸ. ಆದರೆ ಓಡುವ ದೇಹಕ್ಕೆ ಇದಕ್ಕಿಂತ ಒಳ್ಳೆಯ ಋತು ಇನ್ನೊಂದಿಲ್ಲ.

ಕಾರಣ ಸರಳ. ಓಡುವ ದೇಹ ಒಂದು ಒಲೆ. ಸ್ನಾಯುಗಳು ಉರಿಸುವ ಶಕ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಶಾಖವಾಗಿಯೇ ಹೊರಬೀಳುತ್ತದೆ. ಮುಂದಕ್ಕೆ ಒಯ್ಯುವುದು ಉಳಿದ ಕಾಲುಪಾಲು. ಸೆಕೆಯಲ್ಲಿ ಹೃದಯಕ್ಕೆ ಎರಡು ಯಜಮಾನಿಕೆ: ಸ್ನಾಯುಗಳಿಗೂ ರಕ್ತ ಒದಗಿಸಬೇಕು, ಶಾಖ ಚೆಲ್ಲಲು ಚರ್ಮಕ್ಕೂ ಒದಗಿಸಬೇಕು. ಚೆನ್ನೈ, ಮುಂಬಯಿಗಳ ಗೆಳೆಯರು ಹದಿನೈದನೆಯ ಕಿಲೋಮೀಟರಿನಲ್ಲೇ ಅನುಭವಿಸುವ ಬಳಲಿಕೆಯ ಗುಟ್ಟು ಇದು. ಚಳಿಯಲ್ಲಿ ಎರಡನೆಯ ಯಜಮಾನ ಹೆಚ್ಚುಕಡಿಮೆ ರಜೆಯಲ್ಲಿರುತ್ತಾನೆ. ಅದೇ ವೇಗಕ್ಕೆ ಎದೆಬಡಿತ ಕಡಿಮೆ, ಬೆವರು ಕಡಿಮೆ, ಮೂರನೆಯ ಗಂಟೆಯಲ್ಲೂ ತಲೆ ನಿಚ್ಚಳ. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡುಗಳಲ್ಲಿ ಓಡಿದಾಗ ಉಷ್ಣತೆ ಹತ್ತು ಡಿಗ್ರಿಯ ಆಸುಪಾಸಿನಲ್ಲಿತ್ತು. ಆ ಪ್ರಯತ್ನದ ಏರ್ಪಾಡುಗಾರರು ಕೆಲವು ದಿನಗಳ ಅವಕಾಶವನ್ನು ಕೈಯಲ್ಲಿಟ್ಟುಕೊಂಡು, ಹವಾಮಾನದ ಮುನ್ಸೂಚನೆ ನೋಡಿದ ಮೇಲಷ್ಟೇ ದಿನವನ್ನೂ ಹೊತ್ತನ್ನೂ ಗೊತ್ತುಮಾಡಿದರು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು; ಈ ಸಂಗತಿ ನಮ್ಮ ವಾದಕ್ಕೆ ಮುಂದೆ ಬೇಕಾಗುತ್ತದೆ.

ಚಳಿಯಲ್ಲಿ ಓಡುವುದಕ್ಕೆ ಕಲಿಯಬೇಕಾದ ವಿದ್ಯೆಯೂ ದೊಡ್ಡದಲ್ಲ. ಹೊರಗಿನ ಉಷ್ಣತೆಗೆ ಎಂಟೋ ಹತ್ತೋ ಡಿಗ್ರಿ ಕೂಡಿಸಿ, ಆ ಹವೆಯಲ್ಲಿ ನಡೆದಾಡಲು ಏನು ಉಡುತ್ತೇವೋ ಅದನ್ನು ಉಟ್ಟರೆ ಸಾಕು. ಮನೆಯಿಂದ ಹೊರಟಾಗ ಸ್ವಲ್ಪ ನಡುಕ ಇರಬೇಕು. ಬಾಗಿಲಲ್ಲೇ ಬೆಚ್ಚಗಿದ್ದವರು ಮೂರನೆಯ ಕಿಲೋಮೀಟರಿನಲ್ಲಿ ಜಾಕೆಟ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು ಇಡೀ ದಾರಿ ಅದನ್ನು ಹೊರುತ್ತಾರೆ. ಹತ್ತಿಯ ಬನಿಯನ್ ಒಲ್ಲದ್ದು: ಬೆವರನ್ನು ಹೀರಿ ಮೈಗೆ ಅಂಟಿಕೊಂಡು, ನಿಂತ ಕ್ಷಣ ಹಿಮದಂತೆ ಕೊರೆಯುತ್ತದೆ. ಕಿವಿಗೂ ಬೆರಳಿಗೂ ಮಾತ್ರ ಧಾರಾಳವಾಗಿ ಹೊದಿಕೆ ಬೇಕು. ಊರಿನಿಂದ ಅಮ್ಮಂದಿರು ಕಳಿಸಿದ ಕುಲಾವಿಗಳು ಹೀಗೆ ಸಾರ್ಥಕವಾದದ್ದನ್ನು ನಾವು ಕಂಡಿದ್ದೇವೆ. ಬಾಯಾರಿಕೆ ಚಳಿಯಲ್ಲಿ ಸುಳ್ಳು ಹೇಳುತ್ತದೆ. ಬೆವರು ಕಾಣದಿದ್ದರೂ ಉಸಿರಿನ ಜತೆ ನೀರು ಹೋಗುತ್ತಲೇ ಇರುತ್ತದೆ. ಇನ್ನು ಮುಗಿಸಿದ ಮೇಲಿನ ಹತ್ತು ನಿಮಿಷ. ಒದ್ದೆ ಅಂಗಿಯಲ್ಲಿ ಚಹಾದಂಗಡಿಯ ಮುಂದೆ ನಿಂತು ಹರಟುವ ಸುಖಕ್ಕೆ ವಾರವಿಡೀ ನೆಗಡಿಯ ತೆರಿಗೆ ಕಟ್ಟಬೇಕಾದೀತು. ಒಣ ಅಂಗಿ ಮೊದಲು, ಚಹಾ ಆಮೇಲೆ.

ಚಳಿಯ ಕಥೆ ಇಲ್ಲಿಗೆ ಮುಗಿಯಿತು. ಅದು ಹೊಂದಿಸಿಕೊಳ್ಳಬಹುದಾದ ತೊಂದರೆ. ಸ್ವೆಟರು ಹಾಕಿ ಗೆಲ್ಲಬಹುದಾದ ಎದುರಾಳಿ.

ಹಾಗಿದ್ದರೆ ಮೂರು ಗಂಟೆಗಳ ಆ ಓಟವೇ ಏಕೆ, ಅದನ್ನು ಬಿಟ್ಟರಾಗದೆ ಎಂದು ಓಡದವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಸ್ನಾಯುಗಳೂ ಯಕೃತ್ತೂ ಕೂಡಿ ಶೇಖರಿಸಿಡಬಲ್ಲ ಸಕ್ಕರೆಯ ದಾಸ್ತಾನು ಸುಮಾರು 2,000 ಕ್ಯಾಲೊರಿ. ಮಧ್ಯಮ ಮೈಕಟ್ಟಿನವರಿಗೆ ಅದು ಮೂವತ್ತು ಕಿಲೋಮೀಟರಿನ ಆಚೀಚೆ ಬರಿದಾಗುತ್ತದೆ. ಅಲ್ಲಿಂದ ಮುಂದಿನ ಹನ್ನೆರಡನ್ನು ಕೊಬ್ಬು ಕರಗಿಸುತ್ತ ಕಳೆಯಬೇಕು. ಕೊಬ್ಬನ್ನು ಬೇಗ ಬಳಸಲು ಸ್ನಾಯುಗಳಿಗೆ ಕಲಿಸುವುದು, ಅವುಗಳೊಳಗೆ ಸೂಕ್ಷ್ಮ ರಕ್ತನಾಳಗಳನ್ನು ಬೆಳೆಸುವುದು, ದಣಿದ ಕಾಲಿನ ಮೇಲೆ ಇನ್ನೂ ಒಂದು ಗಂಟೆ ನಿಲ್ಲುವ ತಾಳ್ಮೆಯನ್ನು ಮನಸ್ಸಿಗೆ ಕಲಿಸುವುದು, ಇವೆಲ್ಲ ದೀರ್ಘ ಓಟದ ಕೆಲಸ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ತಮ್ಮ ಶಿಷ್ಯರನ್ನು ಆಕ್ಲೆಂಡಿನ ಗುಡ್ಡಗಳಲ್ಲಿ ಪ್ರತಿ ಭಾನುವಾರ 22 ಮೈಲಿ ಓಡಿಸುತ್ತಿದ್ದರು. ಆ ಶಿಷ್ಯರಲ್ಲಿ ಒಬ್ಬರಾದ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು ಕೇವಲ 800 ಮೀಟರ್ ಓಟದಲ್ಲಿ. ಎರಡು ನಿಮಿಷದೊಳಗೆ ಮುಗಿಯುವ ಸ್ಪರ್ಧೆಗೂ ಮೂವತ್ತೈದು ಕಿಲೋಮೀಟರಿನ ಭಾನುವಾರಗಳು ಬೇಕಾದವು ಎಂದ ಮೇಲೆ ಮ್ಯಾರಥಾನಿಗೆ ಅವುಗಳ ಅಗತ್ಯವನ್ನು ಬೇರೆ ಹೇಳಬೇಕಿಲ್ಲ. ಅಂದಿನಿಂದ ಇಂದಿನವರೆಗೆ ಜಗತ್ತಿನ ಓಟಗಾರರ ಭಾನುವಾರ ಲಿಡಿಯಾರ್ಡರ ಭಾನುವಾರವೇ.

ಆದರೆ ಆಕ್ಲೆಂಡ್ ಕಡಲ ನಡುವಣ ಊರು. ಅದರ ಗುಡ್ಡಗಳ ಮೇಲೆ ಬೀಸುವುದು ಸಾಗರದ ಗಾಳಿ. ದೆಹಲಿ ಒಳನಾಡಿನ ಬಟ್ಟಲು.

ಇಲ್ಲಿ ಗಾಳಿಯ ನಡವಳಿಕೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ನಮ್ಮ ಇಡೀ ವಾದ ಅದರ ಮೇಲೆ ನಿಂತಿದೆ. ಹಗಲಲ್ಲಿ ನೆಲದ ಬಳಿಯ ಗಾಳಿ ಬೆಚ್ಚಗಿದ್ದು, ಮೇಲೆ ಹೋದಂತೆ ತಣ್ಣಗಾಗುತ್ತದೆ. ಬೆಚ್ಚನೆಯ ಗಾಳಿ ಹಗುರವಾದ್ದರಿಂದ ಮೇಲೇರುತ್ತ ಹೊಗೆ ದೂಳುಗಳನ್ನೂ ಜತೆಗೊಯ್ಯುತ್ತದೆ. ಮಾಗಿಯ ರಾತ್ರಿ ಈ ಕ್ರಮ ತಲೆಕೆಳಗಾಗುತ್ತದೆ. ಮೋಡವಿಲ್ಲದ ಇರುಳಿನಲ್ಲಿ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣಿಯುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣಿದು, ಭಾರವಾಗಿ, ಅಲ್ಲೇ ಕೂರುತ್ತದೆ. ಅದರ ಮೇಲೆ ಬೆಚ್ಚನೆಯ ಪದರವೊಂದು ಪಾತ್ರೆಯ ಮೇಲಿನ ತಟ್ಟೆಯಂತೆ ಮುಚ್ಚಿಕೊಳ್ಳುತ್ತದೆ. ಹಗಲು ನಗರದೊಳಗೆ ಪ್ರವೇಶವಿಲ್ಲದ ಲಾರಿಗಳು ರಾತ್ರಿಯಲ್ಲೇ ಸಾಲುಗಟ್ಟಿ ಬರುವುದು. ಚಳಿ ಕಾಯಿಸಲು ಕಸ, ಸೌದೆ ಉರಿಯುವುದೂ ರಾತ್ರಿಯಲ್ಲೇ. ಅಷ್ಟೂ ಹೊಗೆ ಆ ತಟ್ಟೆಯ ಕೆಳಗೆ ಸೇರುತ್ತ ಹೋಗುತ್ತದೆ. ನಸುಕಿನ ಹೊತ್ತಿಗೆ ಪಾತ್ರೆ ತುಂಬಿರುತ್ತದೆ. ಸೂರ್ಯ ಮೇಲೇರಿ ನೆಲ ಕಾದ ನಂತರ, ಹನ್ನೊಂದು ಹನ್ನೆರಡರ ಸುಮಾರಿಗೆ ಮುಚ್ಚಳ ಸಡಿಲಗೊಂಡು, ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಸಾಮಾನ್ಯವಾಗಿ ಆ ದಿನದ ಮಟ್ಟಿಗೆ ಅತ್ಯಂತ ತಿಳಿಯಾದ ಗಾಳಿ ಸಿಗುತ್ತದೆ. ಸಂಜೆ ಕತ್ತಲಾದಂತೆ ಮತ್ತೆ ತಟ್ಟೆ ಮುಚ್ಚುತ್ತದೆ.

ಓಟದ ಬಳಗಗಳು ನೆಹರೂ ಪಾರ್ಕಿನ ಬಾಗಿಲಲ್ಲಿ, ಲೋಧಿ ಉದ್ಯಾನದ ಸುತ್ತ, ಇಂಡಿಯಾ ಗೇಟಿನ ಬಳಿ ಸೇರುವ ಹೊತ್ತು ಯಾವುದು? ಬೆಳಗಿನ ಐದು. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹುಡುಕಿ ಹುಡುಕಿ ಕೆಟ್ಟ ಗಂಟೆಗಳನ್ನೇ ಆರಿಸಿಕೊಂಡಂತೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪ್ರತಿದಿನ ಸಂಜೆ ನಾಲ್ಕಕ್ಕೆ ಪ್ರಕಟಿಸುವ ವಾಯು ಗುಣಮಟ್ಟ ಸೂಚ್ಯಂಕ ಹಿಂದಿನ 24 ಗಂಟೆಗಳ ಸರಾಸರಿ. ಮರುದಿನದ ಪತ್ರಿಕೆಯಲ್ಲಿ ಅದನ್ನು ಓದಿ ಓಟದ ಹೊತ್ತನ್ನು ತೀರ್ಮಾನಿಸುವುದೆಂದರೆ ನಿನ್ನೆಯ ಊಟ ನೋಡಿ ಇಂದಿನ ಹಸಿವನ್ನು ಅಳೆದಂತೆ. ಮಂಡಳಿಯದೇ ‘ಸಮೀರ್’ ಆ್ಯಪಿನಲ್ಲಿ ಒಂದೊಂದು ಮಾಪನ ಕೇಂದ್ರದ ಗಂಟೆಗಂಟೆಯ ಅಂಕಿಗಳೂ ಸಿಗುತ್ತವೆ. ನಾವು ನೋಡುವುದು ಅದರಲ್ಲಿನ ಪಿ.ಎಂ. 2.5 ಎಂಬ ಸಾಲನ್ನು, ಅಂದರೆ ಎರಡೂವರೆ ಮೈಕ್ರಾನಿಗಿಂತ ಸಣ್ಣದಾದ, ಶ್ವಾಸಕೋಶದ ಕೊನೆಯ ಗೂಡಿನವರೆಗೂ ಇಳಿಯಬಲ್ಲ ಕಣಗಳ ಲೆಕ್ಕವನ್ನು. ನಮ್ಮ ದೇಶದ ಮಾನದಂಡ ದಿನದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ಸೂಚ್ಯಂಕ 300 ದಾಟಿ ‘ಅತಿ ಕಳಪೆ’ ಆಯಿತೆಂದರೆ ಈ ಕಣಗಳು 120ನ್ನು ಮೀರಿವೆ ಎಂದು ಅರ್ಥ. 400 ದಾಟಿ ‘ತೀವ್ರ’ ಆಯಿತೆಂದರೆ 250ನ್ನು. ದೆಹಲಿಯ ಮಾಗಿಯಲ್ಲಿ ಇವೆರಡೂ ಅಪರೂಪದ ಅತಿಥಿಗಳಲ್ಲ.

ಕುಳಿತಿರುವ ಮನುಷ್ಯ ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಎಳೆದುಕೊಳ್ಳುತ್ತಾನೆ. ಓಡುವವನಿಗೆ ಅದರ ಎಂಟು ಹತ್ತು ಪಟ್ಟು ಬೇಕು. ಅಲ್ಲದೆ ಅವನು ಉಸಿರಾಡುವುದು ಬಾಯಿಂದ. ಮೂಗಿನ ರೋಮಗಳ ಜರಡಿಗೂ ಅಲ್ಲಿ ಕೆಲಸವಿಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಲೆಕ್ಕಾಚಾರವೊಂದು ನಮಗೆ ಈ ವಿಷಯದಲ್ಲಿ ದಾರಿದೀಪವಾಗಿದೆ. ಜಗತ್ತಿನ ಬಹುಪಾಲು ನಗರಗಳಲ್ಲಿ ವ್ಯಾಯಾಮದ ಲಾಭ ಮಾಲಿನ್ಯದ ಹಾನಿಗಿಂತ ಹೆಚ್ಚು ಎಂದು ಅವರು ಕಂಡುಕೊಂಡರು. ಆದರೆ ಪಿ.ಎಂ. 2.5 ನೂರರಷ್ಟಿರುವ ಊರಿನಲ್ಲಿ ದಿನವೂ ಒಂದೂವರೆ ಗಂಟೆ ಮೀರಿ ಸೈಕಲ್ ತುಳಿದರೆ ತಕ್ಕಡಿ ಹಾನಿಯ ಕಡೆಗೆ ವಾಲುತ್ತದೆ. ಇದು ಗಣಿತದ ಮಾದರಿ, ಪ್ರತಿದಿನದ ರೂಢಿಗೆ ಸಂಬಂಧಿಸಿದ್ದು. ವಾರಕ್ಕೊಮ್ಮೆಯ ಓಟಕ್ಕೆ ಅದನ್ನು ಹಾಗೆಯೇ ಅನ್ವಯಿಸಲಾಗದು ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇವೆ. ಆದರೂ ಅದರಿಂದ ಎರಡು ಪಾಠ ಸ್ಪಷ್ಟ. ಓಡಬೇಡಿ ಎಂದು ಎಲ್ಲರನ್ನೂ ಹೆದರಿಸುವುದು ಸರಿಯಲ್ಲ. ಅರ್ಧ ಗಂಟೆಯ ಓಟವೂ ಮೂರು ಗಂಟೆಯ ಓಟವೂ ಒಂದೇ ಎನ್ನುವುದೂ ಸರಿಯಲ್ಲ. ಕೆಟ್ಟ ಗಾಳಿಯಲ್ಲಿ ಮೊದಲು ಕೈಬಿಡಬೇಕಾದದ್ದು ದೀರ್ಘ ಓಟವನ್ನೇ. ಬಳಗಗಳು ಕೊನೆಯವರೆಗೂ ಕೈಬಿಡದಿರುವುದೂ ಅದನ್ನೇ.

ಏಕೆ ಹೀಗೆ ಎಂದು ಯೋಚಿಸಿದಾಗ ನಮಗೆ ಎರಡು ಕಾರಣ ಕಾಣುತ್ತವೆ. ಒಂದು, ನಾವು ದಕ್ಷಿಣದವರು ಊರಿನಿಂದ ಕಟ್ಟಿಕೊಂಡು ಬಂದ ಬುತ್ತಿ. ಬ್ರಾಹ್ಮೀ ಮುಹೂರ್ತ ಶ್ರೇಷ್ಠ, ನಸುಕಿನ ಗಾಳಿ ಶುದ್ಧ ಎಂಬುದು ನಮಗೆ ಹಾಲಿನ ಜತೆ ಬಂದ ನಂಬಿಕೆ. ಧನುರ್ಮಾಸದಲ್ಲಿ ನಕ್ಷತ್ರಗಳಿರುವಾಗಲೇ ತಣ್ಣೀರು ಮಿಂದು, ದೇವಸ್ಥಾನದ ಹುಗ್ಗಿಗೆ ಕೈಯೊಡ್ಡಿದ ಬಾಲ್ಯ ನಮ್ಮಲ್ಲಿ ಹಲವರದು. ಮೇಲುಕೋಟೆಯ ಬೆಟ್ಟದ ಮೇಲೋ ಶೃಂಗೇರಿಯ ಹೊಳೆಯ ದಂಡೆಯ ಮೇಲೋ ಆ ನಂಬಿಕೆ ಅಕ್ಷರಶಃ ನಿಜ. ಅದೇ ಡಿಸೆಂಬರಿನಲ್ಲಿ, ಅದೇ ಗಂಟೆಯಲ್ಲಿ, ಮುನಿರ್ಕಾದ ಮೇಲುಸೇತುವೆಯ ಕೆಳಗೆ ಅದು ನಿಜವಲ್ಲ. ಬುತ್ತಿ ಒಳ್ಳೆಯದೇ, ದಾರಿ ಬದಲಾಗಿದೆ.

ಎರಡನೆಯದು, ತಂಪು ದೇಶಗಳಿಂದ ಎರವಲು ತಂದ ವೀರಾವೇಶ. ಮ್ಯಾರಥಾನ್ ತರಬೇತಿಯ ಮಾರ್ಗದರ್ಶಿಗಳೆಲ್ಲ ಬಂದದ್ದು ಚಳಿನಾಡುಗಳಿಂದ. ಬಾಸ್ಟನ್ ಮ್ಯಾರಥಾನ್ ಏಪ್ರಿಲ್‌ನಲ್ಲಿ ನಡೆಯುವುದರಿಂದ ಅಲ್ಲಿಯವರು ಜನವರಿಯ ಹಿಮದಲ್ಲಿ ಓಡಿ ಸಿದ್ಧರಾಗುತ್ತಾರೆ. ಕೆಟ್ಟ ಹವೆ ಎಂಬುದಿಲ್ಲ, ಕೆಟ್ಟ ಉಡುಪು ಎಂಬುದಷ್ಟೇ ಇದೆ ಎಂಬ ಗಾದೆ ಸ್ಕಾಂಡಿನೇವಿಯಾದ ಕಡೆಯದು. ಹುಟ್ಟಿದ ನೆಲದಲ್ಲಿ ಅದು ಪಕ್ವವಾದ ಮಾತು: ಹಿಮಕ್ಕೆ ಉಣ್ಣೆಯುಂಟು, ಮಂಜುಗಡ್ಡೆಗೆ ಮೊಳೆಯ ಬೂಟುಂಟು. ಅದನ್ನು ದೆಹಲಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಶನಿವಾರ ರಾತ್ರಿ ಹಂಚಿದಾಗ ಅರ್ಥವೇ ಮಗುಚಿ ಬೀಳುತ್ತದೆ. ಎರಡೂವರೆ ಮೈಕ್ರಾನಿನ ಕಣವನ್ನು ತಡೆಯುವ ಸ್ವೆಟರನ್ನು ಯಾರೂ ಹೆಣೆದಿಲ್ಲ. ಎನ್-95 ಮುಖಗವಸು ತಡೆಯುತ್ತದೆ, ನಿಜ. ಅದನ್ನು ಧರಿಸಿ ನಡೆಯಬಹುದು, ಮೆಲ್ಲಗೆ ಓಡಲೂಬಹುದು. ಆದರೆ ಉಸಿರಿನ ತೇವಕ್ಕೆ ಅದು ನೆನೆದು ಅಂಟಿಕೊಂಡು, ಅಂಚುಗಳು ಸಡಿಲಿ, ಮೂರು ಗಂಟೆ ನಿಭಾಯಿಸಿದವರನ್ನು ನಾವು ಕಂಡಿಲ್ಲ.

ಸ್ಪರ್ಧೆಗಳನ್ನು ನಡೆಸುವವರಿಗೆ ಈ ವಿಷಯ ತಿಳಿಯದ್ದೇನಲ್ಲ. 2017ರ ನವೆಂಬರಿನಲ್ಲಿ ಹೊಗೆಮಂಜು ನಗರವನ್ನು ಕವಿದಿದ್ದಾಗ, ದೆಹಲಿ ಹಾಫ್ ಮ್ಯಾರಥಾನನ್ನು ಮುಂದೂಡಬೇಕೆಂದು ಭಾರತೀಯ ವೈದ್ಯಕೀಯ ಸಂಘ ಹೈಕೋರ್ಟಿನ ಮೊರೆಹೊಕ್ಕಿತು. ನ್ಯಾಯಾಲಯ ತಡೆ ನೀಡಲಿಲ್ಲ. ನವೆಂಬರ್ 19ರಂದು ಓಟ ನಡೆಯಿತು, ಕೆಲವರು ಮುಖಗವಸು ಹಾಕಿಕೊಂಡೇ ಓಡಿದರು. ಮರುವರ್ಷದಿಂದ ಆ ಸ್ಪರ್ಧೆ, ಕೋವಿಡ್ ಕಾಲದ ಏರುಪೇರನ್ನು ಬಿಟ್ಟರೆ, ಅಕ್ಟೋಬರಿಗೆ ಸರಿದಿದೆ. ಒಂದು ತಿಂಗಳ ಈ ಪಲ್ಲಟ ಮೇಲ್ನೋಟಕ್ಕೆ ಸಣ್ಣದು. ಆದರೆ ಅದರ ಫಲ ದೊಡ್ಡದು. ಅಕ್ಟೋಬರಿನ ಸ್ಪರ್ಧೆಗೆ ತರಬೇತಿ ಬೀಳುವುದು ಜುಲೈನಿಂದ ಸೆಪ್ಟೆಂಬರ್‌ವರೆಗೆ. ಮಳೆ ತೊಳೆದ ಆ ತಿಂಗಳುಗಳಲ್ಲಿ ದೆಹಲಿಯ ಗಾಳಿ ವರ್ಷದಲ್ಲೇ ಸ್ವಚ್ಛ. ಸೆಕೆ ಹಿಂಡುತ್ತದೆ, ಒಪ್ಪೋಣ. ಆದರೆ 21 ಕಿಲೋಮೀಟರಿನ ತರಬೇತಿಗೆ ಬೇಕಾದ ಓಟಗಳು ಎರಡು ಗಂಟೆಯೊಳಗೆ ಮುಗಿಯುವಂಥವು. ಫೆಬ್ರುವರಿಯ ಪೂರ್ಣ ಮ್ಯಾರಥಾನಿಗೆ ಈ ಸೌಕರ್ಯವಿಲ್ಲ. ಸ್ಪರ್ಧೆಯ ದಿನದ ಗಾಳಿಯನ್ನು ಲೆಕ್ಕ ಹಾಕಿ ದಿನ ಗೊತ್ತುಮಾಡಿದರೆ ಸಾಲದು. ಆ ದಿನಕ್ಕೆ ಮೊದಲಿನ ನೂರು ದಿನಗಳ ಗಾಳಿಯೂ ಲೆಕ್ಕಕ್ಕೆ ಬರಬೇಕು ಎಂಬುದು ನಮ್ಮ ಅಭಿಪ್ರಾಯ. ದೆಹಲಿಯಲ್ಲಿ ಮೊದಲ ಬಾರಿಗೆ ದೂರದ ಓಟಕ್ಕೆ ಇಳಿಯುವ ಕಿರಿಯರು ಕೇಳಿದರೆ ಅಕ್ಟೋಬರಿನ ಹಾಫ್ ಮ್ಯಾರಥಾನನ್ನೇ ಆರಿಸಿಕೊಳ್ಳಿ ಎನ್ನುತ್ತೇವೆ.

ಪೂರ್ಣವನ್ನೇ ಓಡಬೇಕೆಂದು ಹಟ ಹಿಡಿದವರಿಗೆ ಮಧ್ಯಾಹ್ನವಿದೆ. ಜನವರಿಯಲ್ಲಿ ದೆಹಲಿಯ ಗರಿಷ್ಠ ಉಷ್ಣತೆ ಸರಾಸರಿ 20 ಡಿಗ್ರಿಯ ಆಸುಪಾಸು. ಓಟಕ್ಕೆ ಅದು ಅಷ್ಟೇನೂ ಬಿಸಿಯಲ್ಲ, ಬಿಸಿಲೂ ಎಳೆಯದು. ಭಾನುವಾರ ಬೆಳಗ್ಗೆ ನಿದ್ದೆ ಮುಗಿಸಿ, ಒಂಬತ್ತಕ್ಕೆ ಉಪ್ಪಿಟ್ಟೋ ಅವಲಕ್ಕಿಯೋ ತಿಂದು, ಹನ್ನೆರಡೂವರೆಗೆ ಹೊರಟರೆ ಮೂರೂವರೆ ನಾಲ್ಕಕ್ಕೆ ಮುಗಿಯುತ್ತದೆ. ಹೊಟ್ಟೆಯಲ್ಲಿ ಅನ್ನವಿರುತ್ತದೆ, ಕಣ್ಣೆದುರು ಬೆಳಕಿರುತ್ತದೆ. ಬೆಳಕಿನ ಮಾತು ಸಣ್ಣದಲ್ಲ. ಜನವರಿಯ ನಸುಕಿನ ಕಾವಳದಲ್ಲಿ ಹತ್ತು ಮಾರು ದೂರದ ಕಾರು ಕಾಣುವುದಿಲ್ಲ, ಕಾರಿನವನಿಗೆ ಓಟಗಾರನೂ ಕಾಣುವುದಿಲ್ಲ. ನಮ್ಮ ಬಳಗದ ಮಹಿಳೆಯರು ಮಧ್ಯಾಹ್ನದ ಓಟವನ್ನು ಒಂದು ಮಾತೂ ಆಡದೆ ಒಪ್ಪಿದ್ದು ಗಾಳಿಯ ಅಂಕಿ ನೋಡಿ ಅಲ್ಲ. ಕತ್ತಲ ರಸ್ತೆಯಲ್ಲಿ ಒಂಟಿಯಾಗಿ ಮೊದಲ ಮೂರು ಕಿಲೋಮೀಟರ್ ಓಡಿ ಬಂದು ಗುಂಪು ಸೇರಬೇಕಾದ ಅಗತ್ಯ ತಪ್ಪುತ್ತದೆ ಎಂದು.

ಆಕ್ಷೇಪಗಳಿವೆ. ಮಧ್ಯಾಹ್ನ ವಾಹನಗಳು ಹೆಚ್ಚು: ನಿಜ, ಆದ್ದರಿಂದ ರಸ್ತೆ ಬಿಟ್ಟು ಸಂಜಯ ವನದ ಕಾಲುದಾರಿ, ಉದ್ಯಾನಗಳ ಒಳಸುತ್ತು ಹಿಡಿಯಬೇಕು, ಹತ್ತು ಸುತ್ತು ಅದೇ ಮರಗಳನ್ನು ನೋಡುವ ಬೇಸರಕ್ಕೆ ಮದ್ದಿಲ್ಲ. ಜನವರಿಯಲ್ಲಿ ಕರ್ತವ್ಯ ಪಥ ಹೇಗೂ ಗಣರಾಜ್ಯೋತ್ಸವದ ತಾಲೀಮಿಗೆ ಬಿಟ್ಟುಕೊಟ್ಟ ಜಾಗ. ಭಾನುವಾರದ ಊಟ, ನೆಂಟರು, ಸಂಘದ ಕಾರ್ಯಕ್ರಮ ಎಲ್ಲ ಕೆಡುತ್ತವೆ: ಇದು ಬಲವಾದ ಆಕ್ಷೇಪ. ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘದಲ್ಲಿ ಸಂಜೆ ನಾಟಕವಿದ್ದ ದಿನ ಬೆವರಿನ ಅಂಗಿಯಲ್ಲೇ ಕೊನೆಯ ಸಾಲಿನಲ್ಲಿ ಕೂತವರು ನಮ್ಮಲ್ಲಿದ್ದಾರೆ. ಅಕ್ಕಪಕ್ಕದ ಕುರ್ಚಿಗಳು ಖಾಲಿಯಾದ ಬಗ್ಗೆ ಹೆಚ್ಚು ಬರೆಯುವುದು ಬೇಡ. ಸ್ಪರ್ಧೆ ನಸುಕಿನಲ್ಲೇ ಆರಂಭವಾಗುವುದರಿಂದ ದೇಹಕ್ಕೆ ಆ ಹೊತ್ತಿನ ರೂಢಿ ಬೇಕು ಎಂಬುದು ಮೂರನೆಯದು. ಫೆಬ್ರುವರಿಯ ಆರಂಭಕ್ಕೆ ಗಾಳಿ ತುಸು ಸುಧಾರಿಸುತ್ತದೆ. ಕೊನೆಯ ಎರಡು ಮೂರು ವಾರ ಚಿಕ್ಕ ಓಟಗಳನ್ನು ಬೆಳಗ್ಗೆಗೆ ಒಯ್ದರೆ ಹೊಟ್ಟೆಯೂ ನಿದ್ದೆಯೂ ಹೊಂದಿಕೊಳ್ಳುತ್ತವೆ. ಅದಕ್ಕಾಗಿ ಹನ್ನೆರಡು ವಾರ ಹೊಗೆ ಕುಡಿಯಬೇಕಿಲ್ಲ.

ಇನ್ನು ಮಧ್ಯಾಹ್ನವೂ ತಟ್ಟೆ ಸರಿಯದ ದಿನಗಳು. ಕಾವಳ ಕವಿದು ಸೂರ್ಯನೇ ಕಾಣದ ವಾರಗಳು ಪ್ರತಿ ಮಾಗಿಯಲ್ಲೂ ಬರುತ್ತವೆ. ನಮ್ಮ ಬಳಗದ ಕಟ್ಟಳೆ, ಇದು ವೈದ್ಯರ ಸೂತ್ರವಲ್ಲ, ನಾವೇ ಮಾಡಿಕೊಂಡದ್ದು: ಹತ್ತಿರದ ಕೇಂದ್ರದಲ್ಲಿ ಗಂಟೆಯ ಪಿ.ಎಂ. 2.5 ತೊಂಬತ್ತರೊಳಗಿದ್ದರೆ ಪೂರ್ಣ ದೂರ. 120ರವರೆಗೆ ಅರ್ಧ, ಅದೂ ಮೆಲ್ಲಗೆ. ಅದರ ಮೇಲೆ ಹೊರಗಿನ ಓಟವಿಲ್ಲ. ಆಸ್ತಮಾ ಇರುವ ಒಬ್ಬರಿಗೂ ಅರವತ್ತೈದು ದಾಟಿದ ಒಬ್ಬರಿಗೂ ಮೊದಲ ಮೆಟ್ಟಿಲೇ ಕೊನೆಯ ಮೆಟ್ಟಿಲು. ಓಟ ತಪ್ಪಿದ ದಿನ ಮನೆಯೊಳಗೆ, ಕಿಟಕಿ ಮುಚ್ಚಿ, ಶುದ್ಧಿಯಂತ್ರವಿದ್ದರೆ ಹಚ್ಚಿ, ನಿಂತಲ್ಲೇ ನಿಂತ ಸೈಕಲ್ಲೋ ಟ್ರೆಡ್‌ಮಿಲ್ಲೋ. ಎರಡು ಗಂಟೆ ಟ್ರೆಡ್‌ಮಿಲ್ಲಿನ ಮೇಲೆ ಗೋಡೆ ನೋಡುವುದು ಗಾಣದೆತ್ತಿನ ಬಾಳು, ಹಿತವೆಂದು ಹೇಳುವುದಿಲ್ಲ. ವರ್ಷದ ರಜೆಯನ್ನು ಡಿಸೆಂಬರಿಗೆ ಇಟ್ಟುಕೊಂಡು, 30 ಕಿಲೋಮೀಟರಿನ ಓಟವನ್ನು ಊರಿನಲ್ಲಿ ಮುಗಿಸುವವರೂ ಇದ್ದಾರೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ಧಾರವಾಡದ ವಿಶ್ವವಿದ್ಯಾಲಯದ ಮರಗಳ ನಡುವೆ, ಅಲ್ಲಿ ಮಾತ್ರ, ಬ್ರಾಹ್ಮೀ ಮುಹೂರ್ತಕ್ಕೆ ಅದರ ಮರ್ಯಾದೆ ಮರಳಿ ಸಲ್ಲುತ್ತದೆ.

ಒಂದೆರಡು ದೀರ್ಘ ಓಟ ತಪ್ಪಿದರೆ ಮ್ಯಾರಥಾನ್ ಕೆಡುವುದಿಲ್ಲ. ತಿಂಗಳುಗಳಿಂದ ಬೆಳೆದ ಶಕ್ತಿ ಒಂದು ವಾರದಲ್ಲಿ ಬತ್ತುವಂಥದ್ದಲ್ಲ. ಕೆಡುವುದು ಫೋನಿನಲ್ಲಿನ ಹಸಿರು ಚೌಕಗಳ ಸಾಲು, ‘ಒಂದು ಭಾನುವಾರವೂ ತಪ್ಪಿಸಿಲ್ಲ’ ಎಂಬ ಹೆಗ್ಗಳಿಕೆ. ವಿಯೆನ್ನಾದಲ್ಲಿ ಜಗತ್ತಿನ ಅತ್ಯುತ್ತಮ ಓಟಗಾರನ ದಿನವನ್ನೂ ಗಂಟೆಯನ್ನೂ ಹವೆ ತೀರ್ಮಾನಿಸಿತು ಎಂದು ಆಗಲೇ ಹೇಳಿದೆವು. ಐದು ಗಂಟೆಯ ಮ್ಯಾರಥಾನಿಗರಾದ ನಾವು ಹವೆಗೆ ತಲೆಬಾಗುವುದರಲ್ಲಿ ಯಾವ ಅವಮಾನ?

ತಲೆಬಾಗುವ ಆಯ್ಕೆ ನಮಗಿದೆ ಎಂಬುದೇ ದೊಡ್ಡ ಸವಲತ್ತು. ನಸುಕಿನ ಐದಕ್ಕೆ ದೆಹಲಿಯ ರಸ್ತೆಯಲ್ಲಿರುವವರು ಓಟಗಾರರಷ್ಟೇ ಅಲ್ಲ. ಕಸ ಗುಡಿಸುವವರು, ಹಾಲು ಪತ್ರಿಕೆ ಹಂಚುವವರು, ರಾತ್ರಿಯಿಡೀ ಗೇಟಿನ ಬಳಿ ಕೂತ ಕಾವಲುಗಾರರು ಇದ್ದಾರೆ. ಅವರ ಸೂಚ್ಯಂಕ 450 ಆದರೂ ಭಾನುವಾರ ತಪ್ಪುವುದಿಲ್ಲ. ಓಟದ ಗುಂಪುಗಳಲ್ಲಿ ಕಾವಲುಗಾರರ ಅಂಗೀಠಿಯ ಹೊಗೆಯ ಬಗ್ಗೆ ದೂರು ಕೇಳುತ್ತಲೇ ಇರುತ್ತೇವೆ, ಫೋಟೊ ಸಹಿತ. ಮಾಲಿನ್ಯ ಏರಿದಾಗ ಜಾರಿಗೆ ಬರುವ ‘ಗ್ರ್ಯಾಪ್’ ಎಂಬ ಸರ್ಕಾರಿ ಕ್ರಮಾವಳಿಯಲ್ಲಿ, ಬೆಂಕಿ ಹಾಕದಂತೆ ಕಾವಲುಗಾರರಿಗೆ ವಿದ್ಯುತ್ ಹೀಟರ್ ಒದಗಿಸುವ ಹೊಣೆಯನ್ನು ನಿವಾಸಿಗಳ ಸಂಘಗಳಿಗೇ ವಹಿಸಲಾಗಿದೆ. ಅಂದರೆ ದೂರು ನೀಡುವವರಿಗೇ. ನಮ್ಮ ಬಳಗದವರು ಕಳೆದ ಎರಡು ಮಾಗಿಗಳಿಂದ ತಂತಮ್ಮ ಕಾಲೊನಿಗಳ ಸಭೆಗಳಲ್ಲಿ ಈ ಮಾತೆತ್ತಿದ್ದಾರೆ. ಮೂರು ಕಡೆ ಹೀಟರ್ ಬಂದಿದೆ. ಒಂದು ಕಡೆ, ವಿದ್ಯುತ್ ಬಿಲ್ಲು ಯಾರು ಕಟ್ಟಬೇಕು ಎಂಬ ಚರ್ಚೆ ಮಾರ್ಚಿನವರೆಗೂ ನಡೆದು, ಚಳಿಯೇ ಮುಗಿದುಹೋಯಿತು.

ಇಷ್ಟೆಲ್ಲ ಬರೆದ ಮೇಲೂ ಒಂದು ಸಂಗತಿಯನ್ನು ಮುಚ್ಚಿಡಬಾರದು. ನಮ್ಮ ನಿವೃತ್ತ ಹಿರಿಯರು ಈ ಅಭಿಪ್ರಾಯಕ್ಕೆ ಸಹಿ ಹಾಕಿಲ್ಲ. ನಲವತ್ತು ವರ್ಷ ದೆಹಲಿಯಲ್ಲಿ ನಸುಕಿಗೇ ಎದ್ದವರು ಅವರು. ಭಾನುವಾರ ಐದಕ್ಕೆ ಈಗಲೂ ಒಬ್ಬರೇ ಹೊರಡುತ್ತಾರೆ. ಆ ಹೊತ್ತಿನ ನಿಶ್ಶಬ್ದವನ್ನು ಮಧ್ಯಾಹ್ನ ಎಲ್ಲಿಂದ ತರುತ್ತೀರಿ ಎಂಬುದು ಅವರ ಪ್ರಶ್ನೆ. ಅದಕ್ಕೆ ನಮ್ಮಲ್ಲಿ ಅಂಕಿಗಳ ಉತ್ತರವಿಲ್ಲ. ಅವರ ವಾದವನ್ನು ಅವರೇ ಬರೆದುಕೊಡಬೇಕೆಂದು ಕೇಳಿಕೊಂಡಿದ್ದೇವೆ. ಸದ್ಯಕ್ಕೆ ಅವರಿಗೆ ಒಂದು ಒಳ್ಳೆಯ ಮುಖಗವಸನ್ನು ತಂದುಕೊಟ್ಟಿದ್ದೇವೆ, ಅದನ್ನು ಅವರು ಗದ್ದಕ್ಕೆ ಹಾಕಿಕೊಂಡು ಓಡುತ್ತಾರೆ.